ಪತಂಗದ ತಾಯಿ ಕಡೆಯ ಲೆಕ್ಕ

ಬೈಲಹೊಂಗಲದ ಕಡೆ ಗೋವಿನಜೋಳದ ಸುಳಿಯಲ್ಲಿ ಲದ್ದಿ ಹುಳು ಕಂಡರೆ ರೈತರ ಎದೆ ಧಸಕ್ ಅನ್ನುತ್ತದೆ. ಸಣ್ಣದಿದ್ದಾಗ ಅದು ಯಾವ ಜಾತಿ ಅಂತ ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಹುಳು ಬೆಳೆದು ಆಗುವ ಬೂದು ಪತಂಗಗಳೂ ಹಾಗೇ, ಎಷ್ಟೋ ಜಾತಿ ನೋಡಲು ಒಂದೇ ಥರ. ಆಗ ನೆರವಾಗುವುದು ಮೈಟೋಕಾಂಡ್ರಿಯಾದ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದ, ಡಿಎನ್‌ಎ. 2018ರಲ್ಲಿ ಗೋವಿನಜೋಳ ತಿನ್ನುವ ಫಾಲ್ ಸೈನಿಕ ಹುಳು ಎಂಬ ಲದ್ದಿ ಹುಳು ನಮ್ಮ ರಾಜ್ಯಕ್ಕೆ ಬಂದಾಗಲೂ ಅದರ ಒಂದು ಜೀನ್ ಓದಿಯೇ ಗುರುತು ಖಾತ್ರಿ ಮಾಡಿದರು.

ಪೂರ್ತಿ ಮೈಟೋಕಾಂಡ್ರಿಯಾ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ, ಸುಮಾರು 15,000 ಡಿಎನ್‌ಎ ಅಕ್ಷರ, 37 ಜೀನ್. ಇಷ್ಟು ಚಿಕ್ಕದರಲ್ಲಿ ಎಷ್ಟು ಚರಿತ್ರೆ! ಹೆಚ್ಚಿನ ಪತಂಗ, ಚಿಟ್ಟೆಗಳಲ್ಲಿ ಒಂದು ಪುಟ್ಟ ಜೀನ್ ತನ್ನ ಹಳೆಯ ಜಾಗ ಬಿಟ್ಟು ಮುಂದೆ ಬಂದು ಕೂತಿದೆ. ಹೆಪಿಯಾಲಿಡೇ ಎಂಬ ಪತಂಗಗಳ ಕುಟುಂಬ ಜೀನುಗಳ ಹಳೆಯ ಸಾಲನ್ನೇ ಇಟ್ಟುಕೊಂಡಿದೆ, ಅಂದರೆ ಅದು ಬಹಳ ಮುಂಚೆಯೇ ಕವಲೊಡೆದದ್ದು. ಇದನ್ನು ಓದಿದಾಗ ಮೈ ಜುಮ್ಮೆಂದಿತು.

ಆದರೆ ಇದು ತಾಯಿಯಿಂದ ಬರುವ ಡಿಎನ್‌ಎ, ಅಪ್ಪನ ಕಡೆಯದು ಸಿಗುವುದಿಲ್ಲ. ಹಾಗಾಗಿ ಅಪ್ಪ ಅಮ್ಮ ಇಬ್ಬರಿಂದಲೂ ಬರುವ ಕೋಶಕೇಂದ್ರದ ಜೀನುಗಳನ್ನೂ ನೋಡಬೇಕು, ಅಲ್ವಾ?

ಖಾನಾಪುರದ ಕಾಡಿನ ಪತಂಗಗಳ ಮೇಲೆ ನಮ್ಮ ಬೆಳಗಾವಿಯ ಹುಡುಗ ಹುಡುಗಿಯರೇ ಈ ಕೆಲಸ ಮಾಡಲಿ ಅಂತ ತುಂಬಾ ಆಸೆ. ಯಾರಾದರೂ ಶುರು ಮಾಡಿದರೆ ರಾತ್ರಿ ದೀಪ, ಬಿಳಿ ಬಟ್ಟೆ ಹಿಡಿದು ನಾನೂ ಬರುತ್ತೇನೆ.