ಸಿಡುಕ ಓವ್

ಸ್ವೀಡನ್‌ನ ಫ್ರೆಡ್ರಿಕ್ ಬಾಕ್‌ಮನ್ 2012ರಲ್ಲಿ ಬರೆದ ‘ಎ ಮ್ಯಾನ್ ಕಾಲ್ಡ್ ಓವ್’ ಕಾದಂಬರಿ ಓದಿ ಮುಗಿಸಿದೆ. ಓವ್‌ಗೆ 59 ವರ್ಷ. ಹೆಂಡತಿ ಸೋನ್ಯಾ ತೀರಿಕೊಂಡ ಮೇಲೆ ಬದುಕೇ ಬೇಡ ಅಂತ ಕೂತವನು. ಆದರೂ ದಿನಾ ಬೆಳಿಗ್ಗೆ ಬಡಾವಣೆ ಸುತ್ತಿ, ಯಾರ ಗಾಡಿ ಎಲ್ಲಿ ನಿಂತಿದೆ ಅಂತ ತಪಾಸಣೆ ಮಾಡಲೇಬೇಕು! ಸ್ವೀಡನ್‌ನದೇ ಆದ ಸಾಬ್ ಬಿಟ್ಟರೆ ಬೇರೆ ಕಾರು ಅವನ ಲೆಕ್ಕಕ್ಕೇ ಇಲ್ಲ. ಹಳೇ ಗೆಳೆಯ ರೂನೆ ಬಿಎಂಡಬ್ಲ್ಯೂ ಕೊಂಡಿದ್ದಕ್ಕೆ ಅವನ ಸಿಟ್ಟು ಇನ್ನೂ ಇಳಿದಿಲ್ಲ.

ಅಂಥವನ ಪಕ್ಕದ ಮನೆಗೆ ಇರಾನ್ ಮೂಲದ ಗರ್ಭಿಣಿ ಪರ್ವಾನೆ ಬರುತ್ತಾಳೆ. ಏಣಿ ಕೊಡು, ಆಸ್ಪತ್ರೆಗೆ ಬಿಡು, ಡ್ರೈವಿಂಗ್ ಕಲಿಸು. ಇವಳ ಕಾಟದಲ್ಲಿ ಅವನಿಗೆ ಸಾಯೋಕೂ ಪುರುಸೊತ್ತಿಲ್ಲ.

ನನಗೆ ಜಾಸ್ತಿ ಹಿಡಿಸಿದ್ದು, ಅವನು ಗೊಣಗುವುದನ್ನು ಮಾತ್ರ ಬಿಡುವುದಿಲ್ಲ. ಸಹಾಯ ಮಾಡುವುದೂ ಬೈದುಕೊಂಡೇ. ಒಳ್ಳೆಯವರು ಸಿಹಿಯಾಗೇ ಮಾತಾಡಬೇಕು ಅಂತ ಯಾರು ಹೇಳಿದ್ದು, ಅಲ್ವಾ? ಇದೇ ಕಥೆಯ ಟಾಮ್ ಹ್ಯಾಂಕ್ಸ್ ಸಿನಿಮಾ ನೋಡಿದವರು ಪುಸ್ತಕವನ್ನೂ ಓದಿ. ಬೇಕಿದ್ದರೆ ನನ್ನ ಪ್ರತಿ ಕೊಡುತ್ತೇನೆ.