ಕಣ್ಣಿಗೆ ಸರಿ, ಹುಡುಕಿದರೆ ಇಲ್ಲ

ಕಾಸರಗೋಡಿನ ಬದಿಯಡ್ಕದಲ್ಲಿ ನನ್ನದು ಡಿಟಿಪಿ ಕೆಲಸ, ಅಂದರೆ ಅಚ್ಚಿಗೆ ಹೋಗುವ ಪುಟಗಳನ್ನು ಕಂಪ್ಯೂಟರಿನಲ್ಲಿ ಕಟ್ಟುವುದು. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನ ಆಟದ ನೋಟೀಸು, ಸ್ಮರಣ ಸಂಚಿಕೆ ಎಲ್ಲ ಬರುತ್ತವೆ. ಒಂದೇ ಹಾಳೆಯಲ್ಲಿ ಅರ್ಧ ಕನ್ನಡ, ಅರ್ಧ ಮಲಯಾಳ ಇರುವುದು ಇಲ್ಲಿ ಮಾಮೂಲು. ರಾತ್ರಿ ಮನೆಯಲ್ಲಿ ಯಕ್ಷಗಾನ ಪ್ರಸಂಗದ ಪದ್ಯ ಟೈಪ್ ಮಾಡಿ ಇಡುವುದು ನನ್ನ ಹವ್ಯಾಸ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಹತ್ತಿರವೇ ಇರುವಾಗ ಈ ಹುಚ್ಚು ಹಿಡಿಯದೇ ಇರುತ್ತದಾ! ಕೆಲಸ ಕಲಿಸದ ಒಂದು ವಿಷಯವನ್ನು ಈ ಹವ್ಯಾಸ ಕಲಿಸಿತು. ಅದನ್ನೇ ಹೇಳಬೇಕಿತ್ತು.

ಅಂಗಡಿಯಲ್ಲಿ ನಮಗೆ ಅಚ್ಚಿನಲ್ಲಿ ಚಂದ ಕಂಡರೆ ಸಾಕು. ಪ್ರಸಂಗದ ಫೈಲಿಗೆ ಅಷ್ಟು ಸಾಲದು. "ಆ ಭಾಮಿನಿ ಪದ್ಯದ ಎರಡನೇ ಸಾಲು ಹೇಗುಂಟು ಮಾರಾಯ್ರೇ?" ಅಂತ ಭಾಗವತರು ಫೋನಿನಲ್ಲಿ ಕೇಳಿದರೆ, ಒಂದು ಶಬ್ದ ಕೊಟ್ಟು ತಕ್ಷಣ ಹುಡುಕಿ ಹೇಳಬೇಕು. ಒಮ್ಮೆ ಗೆಳೆಯರೊಬ್ಬರು ಟೈಪ್ ಮಾಡಿ ಕೊಟ್ಟ ಫೈಲಿನಲ್ಲಿ "ಧರ್ಮ" ಎಂದು ಹುಡುಕಿದೆ. ಒಂದೂ ಸಿಗಲಿಲ್ಲ. ಪುಟದ ತುಂಬ ಧರ್ಮರಾಯ ಇದ್ದಾನೆ! ಕಣ್ಣಿಟ್ಟು ನೋಡಿದರೆ ಅರ್ಕಾವತ್ತಿನ ಜಾಗದಲ್ಲಿ ಒಂಬತ್ತರ ಅಂಕಿ ಇತ್ತು, "ಧಮ೯" ಅಂತ. ಅನುಸ್ವಾರದ ಜಾಗದಲ್ಲಿ ಸೊನ್ನೆ, "ರ೦ಗ" ಅಂತ.

ಕಣ್ಣಿಗೆ ಇವು ಒಂದೇ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ಅನುಸ್ವಾರಕ್ಕೂ ಸೊನ್ನೆಗೂ ಬೇರೆ ಬೇರೆ ಸಂಖ್ಯೆ, ಕಂಪ್ಯೂಟರ್ ನೋಡುವುದು ಆ ಸಂಖ್ಯೆಯನ್ನು ಮಾತ್ರ. ಅರ್ಕಾವತ್ತಿಗಂತೂ ಅಲ್ಲಿ ಪ್ರತ್ಯೇಕ ಅಕ್ಷರವೇ ಇಲ್ಲ. ನಾವು ಬಾಯಲ್ಲಿ ಹೇಳುವ ಕ್ರಮದಲ್ಲೇ ಮೊದಲು ರ, ಆಮೇಲೆ ಹಲಂತ, ಆಮೇಲೆ ಮ ಕೊಡಬೇಕು, ಅರ್ಕಾವತ್ತಿನ ರೂಪ ಕೊಡುವುದು ಫಾಂಟಿನ ಕೆಲಸ. ಹಳೆಯ ಫಾಂಟುಗಳಲ್ಲಿ ಅದು ಅಕ್ಷರದ ನಂತರ ಬರುವ ಒಂದು ಬೇರೆ ಚಿಹ್ನೆಯಾಗಿತ್ತು, ಹಾಗಾಗಿ ಹಳೆಯ ಕೈಗಳು ಈಗಲೂ ಅದನ್ನು ಕೊನೆಗೇ ಹುಡುಕುತ್ತವೆ.

ಮಲಯಾಳದಲ್ಲೂ ಇದೇ ಕಥೆ. ಪದದ ಕೊನೆಯ ನ್, ರ್, ಲ್ ಇವಕ್ಕೆಲ್ಲ ಅಲ್ಲಿ ಚಿಲ್ಲಕ್ಷರ ಎಂಬ ಬೇರೆಯೇ ರೂಪಗಳಿವೆ. ಮೊದಲು ಅವನ್ನು ಮೂರು ಸಂಕೇತ ಸೇರಿಸಿ ಬರೆಯಬೇಕಿತ್ತು. 2008ರಲ್ಲಿ ಯೂನಿಕೋಡ್ 5.1 ಬಂದಾಗ ಒಂದೊಂದಕ್ಕೂ ಸ್ವಂತ ಸಂಖ್ಯೆ ಸಿಕ್ಕಿತು. ಈಗ ಎರಡೂ ಬಗೆಯ ಫೈಲು ಕೈಗೆ ಬರುತ್ತವೆ. ಒಂದು ಸಂಘದ ಸದಸ್ಯರ ಪಟ್ಟಿ ಜೋಡಿಸುವಾಗ ರಾಜನ್ ಎಂಬ ಒಬ್ಬರೇ ಎರಡು ಸಾಲಿನಲ್ಲಿ ಕಂಡರು. ಪ್ರಸಂಗದ ಫೈಲು ನೋಡಿದ ಕಣ್ಣಿಗೆ ಕಾರಣ ತಕ್ಷಣ ಹೊಳೆಯಿತು: ಒಂದು ಸಾಲಿನಲ್ಲಿ ಹಳೆಯ ಬಗೆಯ ನ್, ಇನ್ನೊಂದರಲ್ಲಿ ಹೊಸ ಬಗೆಯದು.

ಎಲ್ಲಕ್ಕಿಂತ ಜಾಸ್ತಿ ಸಂಕಟ ಕೊಡುವುದು ಹಳೆಯ ಸ್ಮರಣ ಸಂಚಿಕೆಗಳು. ದೇವಸ್ಥಾನದ ಸಮಿತಿಯವರು ಸಿಡಿ ತಂದು "ಇದರಲ್ಲಿ ಊರಿನ ಚರಿತ್ರೆ ಪೂರಾ ಉಂಟು, ಇನ್ನೊಮ್ಮೆ ಅಚ್ಚು ಹಾಕಬೇಕು" ಎನ್ನುತ್ತಾರೆ. ಒಳಗೆ ಪುಟ ಕಟ್ಟುವ ತಂತ್ರಾಂಶವಾದ ಪೇಜ್‌ಮೇಕರ್ ಫೈಲು, ಯೂನಿಕೋಡ್ ಅಲ್ಲದ ಹಳೆಯ 'ನುಡಿ' ಎಂಬ ಫಾಂಟು. ಪೇಜ್‌ಮೇಕರ್ 2001ರ 7.0ಕ್ಕೇ ನಿಂತುಹೋಯಿತು. ಫಾಂಟು ಇಲ್ಲದೆ ತೆರೆದರೆ ಕೊಂಬು ಬಾಲ ಇರುವ ಇಂಗ್ಲಿಷ್ ಅಕ್ಷರಗಳ ಸಾಲು. ಬರೆದ ಹಿರಿಯರಲ್ಲಿ ಕೆಲವರು ಈಗ ಇಲ್ಲ, ಅವರ ಮಾತು ಹೀಗೆ ಓದಲಾಗದೆ ಬಿದ್ದಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಪರಿವರ್ತಕಗಳಿವೆ, ಬಹುಪಾಲು ಸರಿಯಾಗಿಯೇ ಬರುತ್ತದೆ. ಆದರೂ ಒತ್ತಕ್ಷರ, ಅರ್ಕಾವತ್ತು ಒಂದೊಂದನ್ನೂ ನೋಡಲೇಬೇಕು.

ಈಗ ಯಾವ ಫೈಲು ಬಂದರೂ ಮೊದಲು ೦ ಮತ್ತು ೯ ಹುಡುಕುತ್ತೇನೆ. ತಾರೀಕಿನಲ್ಲಿ ಇದ್ದರೆ ಬಿಡುತ್ತೇನೆ, ಪದದೊಳಗೆ ಇದ್ದರೆ ತಿದ್ದುತ್ತೇನೆ. ಈ ಕೆಲಸಕ್ಕೆ ಹೊಸದಾಗಿ ಬರುವ ಮಕ್ಕಳಿಗೂ ಪುಟ ಕಟ್ಟುವುದಕ್ಕಿಂತ ಮೊದಲು ಇದನ್ನೇ ತೋರಿಸುತ್ತೇನೆ. ಸಂಚಿಕೆ ಕೊಡುವಾಗ ಪಿಡಿಎಫ್ ಜೊತೆಗೆ ಯೂನಿಕೋಡಿನ ಬರೀ ಪಠ್ಯವನ್ನೂ ಪೆನ್‌ಡ್ರೈವಿಗೆ ಹಾಕುತ್ತೇನೆ, ಯಾಕೆಂದರೆ ಪಿಡಿಎಫ್‌ನಿಂದ ಕನ್ನಡ ಕಾಪಿ ಮಾಡಿದರೆ ಎಷ್ಟೋ ಸಲ ಚೆಲ್ಲಾಪಿಲ್ಲಿ ಆಗುತ್ತದೆ. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುವುದಿಲ್ಲ.