ಶಾರ್ಕ್ ಹಲ್ಲಿನ ಲೆಕ್ಕ: ಆರನೇ ತಿಂಗಳು

ಹಳೆಯ ಕಾಲದ ಶಾರ್ಕ್ ಹಲ್ಲು ಹುಡುಕಲು ಈ ತಿಂಗಳು ಎರಡು ಸಲ ಅಮೆರಿಕದ ಮೇರಿಲ್ಯಾಂಡಿನ ಕ್ಯಾಲ್ವರ್ಟ್ ಕ್ಲಿಫ್ಸ್‌ಗೆ ಹೋಗಿ ಬಂದೆ. ಕಾರು ನಿಲ್ಲಿಸಿ ಕಾಡಿನೊಳಗೆ ಸುಮಾರು 3 ಕಿಲೋಮೀಟರ್ ನಡೆದರೆ ಚೆಸಪೀಕ್ ಕೊಲ್ಲಿಯ ದಡ. ಅಲ್ಲಿನ ಕಡಿದಾದ ಮಣ್ಣಿನ ದಿಬ್ಬಗಳು ಒಂದು ಕಾಲದ ಸಮುದ್ರದ ತಳ. ಮಯೋಸೀನ್ ಕಾಲದ ಹೂಳು, ಒಂದು ಕೋಟಿ ವರ್ಷಕ್ಕೂ ಹಿಂದಿನ ಪದರಗಳು ಅದರಲ್ಲಿವೆ. ಅಲೆ ಬಡಿದು ದಿಬ್ಬ ಕುಸಿದಾಗ ಒಳಗಿನ ಹಲ್ಲುಗಳು ಮರಳಿಗೆ ಬೀಳುತ್ತವೆ. ದಿಬ್ಬದ ಬುಡಕ್ಕೆ ಹೋಗುವಂತಿಲ್ಲ, ಅಪಾಯ. ನೀರಂಚಿನ ಮರಳನ್ನು ಜರಡಿ ಹಿಡಿಯುತ್ತೇನೆ, ಅಷ್ಟೇ.

ಈ ಸಲ ಜರಡಿ ಬದಲಾಯಿಸಿದೆ. ಮನೆಯ ರವೆ ಜರಡಿ ತಗೊಂಡು ಹೋದೆ. ಮೊದಲೆಲ್ಲ ದೊಡ್ಡ ಹಲ್ಲು ಮಾತ್ರ ಎತ್ತಿಡುತ್ತಿದ್ದೆ. ಅಲ್ಲಿಗೆ ಬರುವ ಎಲ್ಲರಿಗೂ ಮೆಗಲೊಡಾನ್ ಎಂಬ ಅಳಿದುಹೋದ ದೈತ್ಯ ಶಾರ್ಕಿನ ಹಲ್ಲು ಬೇಕು, ನನಗೂ ಬೇಕಿತ್ತು. ಆದರೆ ಮೆಗಲೊಡಾನ್ ಪ್ರಪಂಚದ ಎಷ್ಟೋ ಸಮುದ್ರಗಳಲ್ಲಿ ಓಡಾಡಿದ ಪ್ರಾಣಿ. ಅದರ ಹಲ್ಲು ಈ ಜಾಗದ ಬಗ್ಗೆ ಜಾಸ್ತಿ ಏನೂ ಹೇಳುವುದಿಲ್ಲ. ಹೇಳುವುದೆಲ್ಲ ಸಣ್ಣವು.

ತೊರಕೆ ಮೀನಿನ ಹಲ್ಲನ್ನೇ ನೋಡಿ. ಚಪ್ಪಟೆ ಪಟ್ಟಿಗಳು, ಚಿಪ್ಪು ಅರೆದು ತಿನ್ನಲು ಆದವು. ಜರಡಿಯಲ್ಲಿ ಇವು ತುಂಬಾ ಉಳಿದವು, ಜೊತೆಗೆ ಚಿಪ್ಪಿನ ಚೂರುಗಳೂ. ತಳದಲ್ಲಿ ಮೇವು ಚೆನ್ನಾಗಿತ್ತು ಅಂತಾಯಿತು.

ನನಗೆ ಎಲ್ಲಕ್ಕಿಂತ ಇಷ್ಟ ಹೆಮಿಪ್ರಿಸ್ಟಿಸ್ ಎಂಬ ಶಾರ್ಕಿನ ಹಲ್ಲು. ಮೇಲ್ದವಡೆಯ ಹಲ್ಲು ಬಾಗಿರುತ್ತದೆ, ಅಂಚಿನಲ್ಲಿ ಒರಟು ಗರಗಸ. ಇದರ ಬಳಗದ ಒಂದು ಶಾರ್ಕ್ ಇವತ್ತಿಗೂ ಹಿಂದೂ ಮಹಾಸಾಗರದ ಬೆಚ್ಚಗಿನ, ಆಳವಿಲ್ಲದ ನೀರಿನಲ್ಲಿದೆ. ನಮ್ಮ ಅರಬ್ಬೀ ಸಮುದ್ರದಲ್ಲೂ ಇದೆ. ಮೇರಿಲ್ಯಾಂಡಿನ ದಡದಲ್ಲಿ ಕೂತು ಅದರ ಹಳೆಯ ನೆಂಟನ ಹಲ್ಲನ್ನು ಅಂಗೈಯಲ್ಲಿ ಇಟ್ಟುಕೊಂಡಾಗ ಬಹಳ ಹೊತ್ತು ಏಳಲಿಲ್ಲ.

ಆದರೆ ಎರಡನೇ ಸಲ ಹೋದಾಗ ಬಾಚಣಿಗೆಯಂಥ ಒಂದು ಮುರುಕು ಹಲ್ಲು ಸಿಕ್ಕಿತು. ಸೊಲೊಮನ್ಸ್ ಊರಿನ ಕ್ಯಾಲ್ವರ್ಟ್ ಮರೀನ್ ಮ್ಯೂಸಿಯಂಗೆ ಹೋಗಿ ಅಲ್ಲಿಟ್ಟ ಹಲ್ಲುಗಳ ಜೊತೆ ಹೋಲಿಸಿದೆ. ಏಳು ಕಿವಿರಿನ ಶಾರ್ಕಿನದು. ಇವತ್ತಿನ ಏಳು ಕಿವಿರಿನ ಶಾರ್ಕ್ ಇರುವುದು ತಂಪು ನೀರಿನಲ್ಲಿ. ಒಂದೇ ದಡ, ಒಂದು ಹಲ್ಲು ಬೆಚ್ಚಗೆ ಅನ್ನುತ್ತದೆ, ಇನ್ನೊಂದು ತಂಪು ಅನ್ನುತ್ತದೆ. ಯಾವುದನ್ನು ನಂಬುವುದು?

ಎರಡನ್ನೂ ನಂಬಬಹುದು ಅನ್ನಿಸುತ್ತದೆ. ಮರಳಿನಲ್ಲಿ ಎಲ್ಲ ಪದರಗಳ ಹಲ್ಲೂ ಬೆರೆತಿರುತ್ತವೆ. ಎರಡು ಶಾರ್ಕುಗಳ ನಡುವೆ ಲಕ್ಷಗಟ್ಟಲೆ ವರ್ಷ ಇರಬಹುದು. ಇಲ್ಲವೇ ಒಂದು ಬೇಸಿಗೆಯಲ್ಲಿ, ಇನ್ನೊಂದು ಚಳಿಗಾಲದಲ್ಲಿ ಬರುತ್ತಿದ್ದಿರಬಹುದು. ಪ್ರಯೋಗಾಲಯದವರಿಗೆ ಇನ್ನೊಂದು ದಾರಿ ಇದೆ. ಹಲ್ಲಿನ ಹೊರಪದರ ಬಲು ಗಟ್ಟಿ, ಅದರ ಫಾಸ್ಫೇಟಿನೊಳಗಿನ ಆಕ್ಸಿಜನ್ ಸುಲಭಕ್ಕೆ ಬದಲಾಗುವುದಿಲ್ಲ. ಆಕ್ಸಿಜನ್ ಪರಮಾಣುಗಳಲ್ಲಿ ಹಗುರದವೂ ಇವೆ, ಸ್ವಲ್ಪ ಭಾರದವೂ ಇವೆ. ನೀರು ತಣ್ಣಗಿದ್ದಷ್ಟೂ ಹಲ್ಲಿನಲ್ಲಿ ಭಾರದ ಆಕ್ಸಿಜನ್ ಪಾಲು ಹೆಚ್ಚು. ಅದನ್ನು ಅಳೆದು ಆ ಕಾಲದ ನೀರಿನ ಬಿಸಿಯನ್ನು ಲೆಕ್ಕ ಹಾಕುತ್ತಾರೆ. ನನ್ನ ಹತ್ತಿರ ಇರುವುದು ಜರಡಿ ಮತ್ತು ನೋಟ್‌ಬುಕ್.

ಹಾಗಾಗಿ ದಡ ಬದಲಾಯಿಸುತ್ತೇನೆ. ಇಲ್ಲಿನ ಪದರಗಳು ಆಗ್ನೇಯಕ್ಕೆ ಸ್ವಲ್ಪ ವಾಲಿವೆ. ಉತ್ತರಕ್ಕೆ ಹೋದಷ್ಟೂ ಹಳೆಯ ಪದರ ಕಣ್ಣಿಗೆ ಬೀಳುತ್ತದೆ, ದಕ್ಷಿಣದಲ್ಲಿ ಹೊಸದು. ಎರಡೂ ಕಡೆ ಒಂದೇ ಜರಡಿ, ಒಂದೇ ಅಳತೆಯ ಬಕೆಟ್ ಮರಳು, ಬಂದಷ್ಟೂ ಹಲ್ಲಿನ ಎಣಿಕೆ. ಮೊದಲ ಮೂರು ತಿಂಗಳು ಎರಡು ದಡದ ಹಲ್ಲನ್ನು ಒಂದೇ ಡಬ್ಬಿಗೆ ಹಾಕಿ ಆ ಲೆಕ್ಕವನ್ನೇ ಕಳೆದುಕೊಂಡೆ, ಈಗಲೂ ಬೇಜಾರಾಗುತ್ತದೆ. ಈ ಶನಿವಾರ ಉತ್ತರದ ದಡಕ್ಕೆ ಹೊರಡುತ್ತೇನೆ. ಹೊಸ ಡಬ್ಬಿಗೆ ಊರು, ತಾರೀಖು ಬರೆದ ಚೀಟಿ ಈಗಲೇ ಅಂಟಿಸಿಟ್ಟಿದ್ದೇನೆ.